ಬಾಗಿಲಿಗೆ ಬರುವ ಮಕ್ಕಳು

ಈಚಿನ ವರ್ಷಗಳಲ್ಲಿ ಅಕ್ಟೋಬರ್ 31ರ ಸಂಜೆ, ಕೀಲ್ಪಾಕಿನ ನಮ್ಮ ವಸತಿ ಸಮುಚ್ಚಯದ ಮಕ್ಕಳು ದೆವ್ವದ ವೇಷ ತೊಟ್ಟು, ಮನೆಮನೆಯ ಕರೆಗಂಟೆ ಒತ್ತಿ ಮಿಠಾಯಿ ಕೇಳುತ್ತಾರೆ. ಇದು ಹ್ಯಾಲೋವೀನ್, ಕ್ರೈಸ್ತರು ನವೆಂಬರ್ 1ರಂದು ಆಚರಿಸುವ ಸಕಲ ಸಂತರ ಹಬ್ಬದ ಮುನ್ನಾದಿನ. ಮರುದಿನ, ನವೆಂಬರ್ 2, ಮೃತರ ಸ್ಮರಣೆಗೆ ಮೀಸಲು. ಹಿಂದೆ ಇಂಗ್ಲೆಂಡಿನಲ್ಲಿ ಈ ದಿನಗಳಂದು ಬಡವರು ಮನೆಮನೆಗೆ ಹೋಗಿ, ಆ ಮನೆಯಲ್ಲಿ ಗತಿಸಿದವರಿಗಾಗಿ ಪ್ರಾರ್ಥಿಸಿ, ಪ್ರತಿಯಾಗಿ ಸಿಹಿರೊಟ್ಟಿ ಪಡೆಯುತ್ತಿದ್ದರು.

ಇದು ನಮಗೆ ತೀರ ಅಪರಿಚಿತವೇನಲ್ಲ. ನಮ್ಮಲ್ಲಿಯೂ ಮಹಾಲಯದ ಪಿತೃಸ್ಮರಣೆ ಮುಗಿದೊಡನೆ ನವರಾತ್ರಿ. ಹಳೆಯ ಮೈಸೂರು ಸೀಮೆಯಲ್ಲಿ ಆ ಸಂಜೆಗಳಂದು ಮಕ್ಕಳು ‘ಗೊಂಬೆ ಕೂರಿಸಿದ್ದೀರಾ?’ ಎಂದು ಕೇಳುತ್ತ ಮನೆಮನೆಗೆ ಬರುತ್ತಿದ್ದರು. ಗೊಂಬೆಗಳ ಮುಂದೆ ಒಂದು ಹಾಡು ಹೇಳಿದರೆ ಕೊಬ್ಬರಿಮಿಠಾಯಿಯೋ ಉಸಲಿಯೋ ಕೈಸೇರುತ್ತಿತ್ತು. ಅದೇ ಗೊಂಬೆ ಬಾಗಿನ. ಚೆನ್ನೈಯಲ್ಲಿ ಗೊಂಬೆ ಹಬ್ಬ ಕೊಲುವಾಯಿತು, ಉಸಲಿ ಸುಂಡಲ್ ಆಯಿತು.

ಕಳೆದ ನವರಾತ್ರಿಯಲ್ಲಿ ನಾವು ಗೊಂಬೆ ಕೂರಿಸಿ, ಡಬ್ಬಿ ತುಂಬ ಕೊಬ್ಬರಿಮಿಠಾಯಿ ಮಾಡಿಟ್ಟು ಕಾದೆವು. ಒಂದು ಮಗುವೂ ಬರಲಿಲ್ಲ. ಹ್ಯಾಲೋವೀನಿಗೆ ಹನ್ನೊಂದು ಮಕ್ಕಳು ಬಂದರು. ಅವರಲ್ಲಿ ನಾಲ್ವರು ಕನ್ನಡದ ಮನೆಯವರೇ. ಎಲ್ಲರಿಗೂ ಕಡಲೆಕಾಯಿ ಚಿಕ್ಕಿ ಕೊಟ್ಟು ಕಳಿಸಿದೆವು. ತಪ್ಪು ಮಕ್ಕಳದಲ್ಲ. ಆ ಒಂದು ಪ್ರಶ್ನೆಯನ್ನು ನಾವೇ ಅವರಿಗೆ ಕಲಿಸಲಿಲ್ಲ, ಬನ್ನಿರೆಂದು ಕರೆಯಲೂ ಇಲ್ಲ. ಬರುವ ನವರಾತ್ರಿಗೆ ಮೊದಲು ಅದನ್ನು ಕಲಿಸೋಣ; ಸಂಜೆ ಬಾಗಿಲು ತೆರೆದಿಡೋಣ.