ಆಕಾಶದ ಕಡವು

ವಿಮಾನ ನಿಲ್ದಾಣವೆಂದೊಡನೆ ವಾಚಕರ ಕಣ್ಣ ಮುಂದೆ ಗಾಜಿನ ಗೋಡೆಗಳೂ ಚಲಿಸುವ ಮೆಟ್ಟಿಲುಗಳೂ ಜನಜಂಗುಳಿಯೂ ಸುಳಿಯುವುದು ಸಹಜ. ಕಲಬುರಗಿಯ ನಿಲ್ದಾಣಕ್ಕೆ ಅಂತಹ ವೈಭವವಿಲ್ಲ. ನಗರದಿಂದ ಸೇಡಂ ರಸ್ತೆಯಲ್ಲಿ ಸುಮಾರು 13 ಕಿಲೋಮೀಟರು ಪೂರ್ವಕ್ಕೆ ಸಾಗಿದರೆ, ಶ್ರೀನಿವಾಸ ಸರಡಗಿಯ ಬಳಿ ಅದು ಸಿಗುತ್ತದೆ. ಕಟ್ಟಡ ಚಿಕ್ಕದು; ವಿಮಾನವಿಳಿಯುವ ಓಡುಹಾದಿ ಮಾತ್ರ ಮೂರು ಕಿಲೋಮೀಟರಿಗೂ ಮಿಗಿಲು.

ಇದಕ್ಕೆ ಶಂಕುಸ್ಥಾಪನೆಯಾದುದು 2008ರಲ್ಲಿ. ಖಾಸಗಿ ಸಹಭಾಗಿತ್ವದಲ್ಲಿ ಆರಂಭವಾದ ಕೆಲಸ ನಡುವೆ ನಿಂತು, ಕೊನೆಗೆ ಲೋಕೋಪಯೋಗಿ ಇಲಾಖೆಯ ಕೈಯಲ್ಲಿ ಪೂರ್ಣಗೊಂಡಿತು. 2019ರ ನವೆಂಬರ್ 22ರಂದು ಬೆಂಗಳೂರಿನ ಹಾರಾಟದೊಂದಿಗೆ ನಿಲ್ದಾಣ ತೆರೆಯಿತು. ಅಲ್ಲಿಯವರೆಗೆ ಈ ಸೀಮೆಯವರು ವಿಮಾನವೇರಬೇಕಾದರೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಹೈದರಾಬಾದಿಗೆ ಹೋಗಬೇಕಾಗಿತ್ತು.

ಹಾರಾಟ ನಡೆಯುತ್ತಿದ್ದ ದಿನಗಳಲ್ಲಿ ಇಲ್ಲಿನ ಪಯಣ ಹೊಸಬರನ್ನೂ ಹೆದರಿಸುವಂತಹದಾಗಿರಲಿಲ್ಲ. ಬಾಗಿಲಲ್ಲಿ ಟಿಕೆಟ್ಟನ್ನೂ ಗುರುತಿನ ಚೀಟಿಯನ್ನೂ ತೋರಿಸಿ, ಸಾಮಾನು ತೂಗಿಸಿ, ತಪಾಸಣೆ ಮುಗಿಸಿದರೆ ಕುಳಿತುಕೊಳ್ಳುವ ಜಾಗ ಎದುರಿಗೇ ಇತ್ತು. ಕರೆ ಬಂದಾಗ ಬಯಲಿನಲ್ಲಿ ನಡೆದು ಹೋಗಿ ಮೆಟ್ಟಿಲೇರುವುದು. ಮೊದಲು ಬಂದ ಎಂಬ್ರೇರ್ ವಿಮಾನದಲ್ಲಿ 50 ಆಸನಗಳು. ಒಂದು ಮಗ್ಗುಲಿಗೆ ಒಂದೊಂದು, ಇನ್ನೊಂದು ಮಗ್ಗುಲಿಗೆ ಎರಡೆರಡು. ರೈಲಿನಲ್ಲಿ ಇಡೀ ರಾತ್ರಿಯ ದಾರಿ ಒಂದು ಗಂಟೆಯ ಆಸುಪಾಸಿಗೆ ಇಳಿಯಿತು.

ಕಮಲಾಪುರದವರ ಲೆಕ್ಕವನ್ನೇ ನೋಡೋಣ. ಕೆಂಪು ಬಾಳೆಗೆ ಹೆಸರಾದ ಈ ಊರು ಹುಮನಾಬಾದ್ ರಸ್ತೆಯಲ್ಲಿದೆ. ಅಲ್ಲಿನ ಬಾಳೆಗೊನೆಗೆ ವಿಮಾನ ಬೇಕಿಲ್ಲ, ಲಾರಿ ಸಾಕು. ಆದರೆ ಮನೆಯಲ್ಲೊಬ್ಬರಿಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಮಾತ್ರ ದೊರೆಯುವ ಚಿಕಿತ್ಸೆ ಬೇಕಾದಾಗ, ಒಂದು ರಾತ್ರಿಗೂ ಒಂದು ಗಂಟೆಗೂ ಇರುವ ಅಂತರ ಎಷ್ಟೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾರಾಟವಿದ್ದರೆ ಬಸ್ಸಿನಲ್ಲಿ ಕಲಬುರಗಿಗೆ ಬಂದು, ಅಲ್ಲಿಂದ ಸರಡಗಿಗೆ ಹೋದರೆ ವಿಮಾನ. ಇಲ್ಲವಾದರೆ ಅದೇ ರಾತ್ರಿಯ ರೈಲು.

ಇಂತಹ ಚಿಕ್ಕ ದಾರಿಗಳಿಗಾಗಿಯೇ ಕೇಂದ್ರ ಸರಕಾರ 2016ರಲ್ಲಿ ‘ಉಡಾನ್’ ಯೋಜನೆಯನ್ನು ರೂಪಿಸಿತು. ಸುಮಾರು ಒಂದು ಗಂಟೆಯ ಹಾರಾಟಕ್ಕೆ, ಕೆಲವು ಆಸನಗಳ ದರವನ್ನು 2,500 ರೂಪಾಯಿಗೆ ಮಿತಿಗೊಳಿಸಿ, ಕಂಪನಿಗೆ ಬರುವ ಕೊರತೆಯನ್ನು ಸರಕಾರ ತುಂಬಿಕೊಡುವುದು ಅದರ ಏರ್ಪಾಡು. ದೊಡ್ಡ ಮಾರ್ಗಗಳ ಹಾರಾಟದಿಂದ ವಸೂಲು ಮಾಡಿದ ಹಣದಲ್ಲಿ ಚಿಕ್ಕ ಮಾರ್ಗಗಳ ಪೋಷಣೆ! ಆದರೆ ಈ ನೆರವಿಗೆ ಮೂರು ವರ್ಷಗಳ ಗಡುವಿತ್ತು. ಕಲಬುರಗಿಯಿಂದ ಒಂದು ಕಾಲಕ್ಕೆ ದಿಲ್ಲಿಯ ಸಮೀಪದ ಹಿಂಡನ್‌ಗೂ ತಿರುಪತಿಗೂ ವಿಮಾನಗಳಿದ್ದವು. ಅವು ನಿಂತವು. 2025ರ ಅಕ್ಟೋಬರಿನಲ್ಲಿ ಬೆಂಗಳೂರಿನ ಹಾರಾಟವೂ ನಿಂತಿತು.

ಇಲ್ಲಿ ದೂರದ ಒಂದು ದೇಶದ ಉದಾಹರಣೆ ಉಪಯುಕ್ತವಾದೀತು. ಸ್ಕಾಟ್‌ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳಲ್ಲಿ, ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ 1967ರಿಂದ ವಿಮಾನ ಹಾರುತ್ತಿದೆ. ದೂರ ಮೂರು ಕಿಲೋಮೀಟರಿಗೂ ಕಡಿಮೆ. ವೇಳಾಪಟ್ಟಿಯಲ್ಲಿ ಕೊಟ್ಟಿರುವ ಅವಧಿ ಎರಡೇ ನಿಮಿಷ. ವಿಮಾನದಲ್ಲಿ ಹಿಡಿಯುವವರು ಎಂಟು ಮಂದಿ. ಪಾಪಾ ವೆಸ್ಟ್ರೇಯ ಜನಸಂಖ್ಯೆ ನೂರನ್ನೂ ಮುಟ್ಟುವುದಿಲ್ಲ. ಲಾಭದ ಲೆಕ್ಕ ಹಿಡಿದರೆ ಈ ಹಾರಾಟ ಎಂದೋ ನಿಲ್ಲಬೇಕಾಗಿತ್ತು. ಆದರೆ ಶಿಕ್ಷಕರು, ವೈದ್ಯರು, ರೋಗಿಗಳು ಅದರಲ್ಲಿ ಓಡಾಡುತ್ತಾರೆ. ಆದುದರಿಂದ ಸಾರ್ವಜನಿಕ ಹಣವೇ ಅದನ್ನು ನಡೆಸುತ್ತಿದೆ. ಹೊಳೆಯ ಕಡವಿನಲ್ಲಿ ದೋಣಿ ಇರಬೇಕೆಂಬಷ್ಟೇ ಸಹಜವಾಗಿ ಅಲ್ಲಿಯವರು ಆಕಾಶದ ಕಡವನ್ನು ಭಾವಿಸಿದ್ದಾರೆ.

“ರೈಲಿನಲ್ಲಿ ಕಾಲಿಡಲು ಜಾಗವಿಲ್ಲದಿರುವಾಗ ವಿಮಾನದವರಿಗೇಕೆ ಸರಕಾರದ ದುಡ್ಡು?” ಎಂದು ಯಾರಾದರೂ ಕೇಳಿದರೆ ಅದು ತಪ್ಪು ಪ್ರಶ್ನೆಯಲ್ಲ. ಬಡವನ ವಾಹನ ರೈಲೇ. ಅದರ ಅಗತ್ಯಕ್ಕೆ ಮೊದಲ ಸ್ಥಾನ ಸಲ್ಲಲೇಬೇಕು. ಆದರೆ ಓಡುಹಾದಿಗೂ ಕಟ್ಟಡಕ್ಕೂ ಆಗಲೇ ವೆಚ್ಚ ಮಾಡಿದ ಮೇಲೆ ವಿಮಾನವನ್ನೇ ನಿಲ್ಲಿಸುವುದು, ಬಾವಿ ತೋಡಿಸಿ ಹಗ್ಗಕ್ಕೆ ಲೋಭ ಮಾಡಿದಂತೆ.

ದಾರಿಯೇ ಇಲ್ಲವೆಂದಲ್ಲ. ಕಮಲಾಪುರದ ಆಚೆ, ಬೀದರಿನಲ್ಲಿ ನಿಂತುಹೋಗಿದ್ದ ಬೆಂಗಳೂರಿನ ಹಾರಾಟ ರಾಜ್ಯ ಸರಕಾರದ ಧನಸಹಾಯದಿಂದ 2025ರ ಏಪ್ರಿಲಿನಲ್ಲಿ ಮರಳಿ ಆರಂಭವಾಯಿತು. ನೆರವು ಬೇಕೇ ಬೇಡವೇ ಎಂಬುದನ್ನು ಮೂರು ವರ್ಷಗಳ ಗಡುವು ತೀರ್ಮಾನಿಸಬಾರದು. ಜನರ ಅಗತ್ಯ ತೀರ್ಮಾನಿಸಬೇಕು. ಜನರೂ ಅಷ್ಟೆ, ವಿಮಾನ ಬಂದಾಗ ಹತ್ತಿ ಅದನ್ನು ಉಳಿಸಿಕೊಳ್ಳಬೇಕು. ನಿಲ್ದಾಣವೆಂಬುದು ಉದ್ಘಾಟನೆಯ ಕಲ್ಲಿನಿಂದ ನಿಲ್ದಾಣವಾಗುವುದಿಲ್ಲ. ನಾಳೆಯೂ ವಿಮಾನ ಉಂಟೆಂಬ ನಂಬಿಕೆಯಿಂದ ಆಗುತ್ತದೆ.