ಲಾಕ್ ರಿಂಗಿನ ಎದುರು ನಿಲ್ಲಬೇಡಿ!

ಹಳೇ ಪಿ.ಬಿ. ರಸ್ತೆಯಲ್ಲಿ ದಾವಣಗೆರೆಯಿಂದ ಹರಿಹರದ ಕಡೆ ಬಸ್ಸಿನಲ್ಲಿ ಹೋಗುವವರಿಗೆ ಇದೇನೂ ಹೊಸ ನೋಟವಲ್ಲ. ರಸ್ತೆ ಪಕ್ಕ ಪಂಕ್ಚರ್ ಅಂಗಡಿ. ನೆಲದ ಮೇಲೆ ಲಾರಿ ಚಕ್ರ. ಕಂಪ್ರೆಸರ್ ಗಡಗಡ ಅಂತಿರುತ್ತೆ. ಹುಡುಗನೊಬ್ಬ ಬಗ್ಗಿ ನಿಂತು ಗಾಳಿ ತುಂಬುತ್ತಲೇ ಸುತ್ತಿಗೆಯಿಂದ ರಿಂಗು ಬಡೀತಿರುತ್ತಾನೆ. ಪಕ್ಕದಲ್ಲೇ ಡ್ರೈವರು, ಆಚೆ ಟೀ ಅಂಗಡಿ ಬೆಂಚಿನ ಮೇಲೆ ನಾಲ್ಕು ಮಂದಿ. ಯಾರಿಗೂ ಹೆದರಿಕೆಯಿಲ್ಲ.

ಹೆದರಬೇಕಾದ್ದು ಇಲ್ಲೇ!

ಹೊಸ ಲಾರಿ, ಬಸ್ಸುಗಳಲ್ಲಿ ಒಂದೇ ತುಂಡಿನ ಟ್ಯೂಬ್‌ಲೆಸ್ ಚಕ್ರ ಬಂದಿವೆ. ಆದರೆ ಹಳೇ ಲಾರಿಗಳಲ್ಲಿ, ಟ್ರ್ಯಾಕ್ಟರ್ ಟ್ರೇಲರುಗಳಲ್ಲಿ ಇನ್ನೂ ಎರಡು-ಮೂರು ತುಂಡಿನ ಚಕ್ರಗಳೇ ಓಡುತ್ತಿವೆ. ಕೆಳಗೆ ಡಿಸ್ಕು, ಟಯರನ್ನು ತಡೆಯುವುದಕ್ಕೆ ಸೈಡ್ ರಿಂಗು, ಅದನ್ನು ಹಿಡಿದಿಡುವುದಕ್ಕೆ ಒಂದು ಕಡೆ ಸೀಳಿದ ಲಾಕ್ ರಿಂಗು. ಬೋಲ್ಟಿಲ್ಲ, ವೆಲ್ಡಿಂಗಿಲ್ಲ. ಡಿಸ್ಕಿನ ಅಂಚಿನ ಕಚ್ಚಿನಲ್ಲಿ ರಿಂಗು ಕೂತಿರಬೇಕು, ಒಳಗಿನ ಗಾಳಿಯೇ ಅದನ್ನು ಒತ್ತಿ ಹಿಡಿಯಬೇಕು. ಅಷ್ಟೇ ಭದ್ರತೆ.

ಅಂಗೈ ಅಗಲಕ್ಕೆ ಐದು ಕ್ವಿಂಟಲ್

ಲಾರಿ ಟಯರಿಗೆ ಚದರ ಇಂಚಿಗೆ 100 ಪೌಂಡಿನ ಆಸುಪಾಸು ಗಾಳಿ ತುಂಬುತ್ತಾರೆ. ಅಂದರೆ ಒಂದು ಚದರ ಇಂಚಿಗೆ 45 ಕಿಲೋ. ತಕ್ಕಡಿ ಹಿಡಿಯುವ ವ್ಯಾಪಾರಸ್ಥರಿಗೆ ಲೆಕ್ಕ ಬೇಗ ತಿಳಿಯುತ್ತೆ: ಅಂಗೈ ಅಗಲದ ಜಾಗಕ್ಕೇ ಐದು ಕ್ವಿಂಟಲ್ ಒತ್ತಡ! ಇಡೀ ಚಕ್ರಕ್ಕೆ ಎಷ್ಟಾಯ್ತು? ಕಚ್ಚಿನಲ್ಲಿ ತುಕ್ಕು ಕೂತು ರಿಂಗು ಸರಿಯಾಗಿ ಕಚ್ಚದಿದ್ದರೆ ಅಷ್ಟೂ ಬಲ ಒಮ್ಮೆಗೇ ರಿಂಗನ್ನು ಎತ್ತಿ ಎಸೆಯುತ್ತೆ. ಆಗ ಎದುರಿಗಿದ್ದವನ ತಲೆ, ಎದೆ ಉಳಿಯೋದು ಕಷ್ಟ. ಓಡಿ ತಪ್ಪಿಸಿಕೊಳ್ಳುವಷ್ಟು ಹೊತ್ತೂ ಸಿಗುವುದಿಲ್ಲ.

ಇಂಥ ಸಾವುಗಳನ್ನು ಕಂಡೇ ಅಮೆರಿಕ 1980ರಲ್ಲಿ ಬಹುತುಂಡಿನ ಚಕ್ರಗಳ ಕೆಲಸಕ್ಕೆ ಪ್ರತ್ಯೇಕ ನಿಯಮ ತಂದಿತು. ಗಾಳಿ ತುಂಬುವಾಗ ಚಕ್ರ ಕಬ್ಬಿಣದ ಪಂಜರದಲ್ಲಿರಬೇಕು. ಪೈಪು ಉದ್ದವಿರಬೇಕು, ಅದರ ಬಾಯಿ ವಾಲ್ವಿಗೆ ತಾನೇ ಕಚ್ಚಿಕೊಳ್ಳಬೇಕು. ಕೆಲಸಗಾರ ರಿಂಗು ಹಾರುವ ದಿಕ್ಕಿನಲ್ಲಿ ನಿಲ್ಲಬಾರದು. ಒತ್ತಡವಿರುವಾಗ ರಿಂಗಿಗೆ ಸುತ್ತಿಗೆ ತಾಗಿಸಲೇಬಾರದು.

ಸೀಮೆಎಣ್ಣೆ, ಸುಣ್ಣದಪುಡಿ

ಹಾಗಂತ ಹಳೇ ಚಕ್ರವನ್ನೆಲ್ಲ ಗುಜರಿಗೆ ಹಾಕಬೇಕಿಲ್ಲ. ಮೊದಲು ವಾಲ್ವಿನ ಪಿನ್ನು ತೆಗೆದು ಗಾಳಿ ಪೂರ್ತಿ ಬಿಡಬೇಕು, ಆಮೇಲೆ ಬಿಚ್ಚಬೇಕು. ತಂತಿ ಬ್ರಶ್ಶಿನಿಂದ ಕಚ್ಚಿನ ಮೂಲೆಮೂಲೆಯ ತುಕ್ಕು ಕೆರೆಯಬೇಕು. ಬಿರುಕಿನ ಅನುಮಾನವಿದ್ದರೆ ವರ್ಕ್‌ಶಾಪಿನ ಹಳೇ ಉಪಾಯವೊಂದಿದೆ. ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಸುಣ್ಣದಪುಡಿ ಉದುರಿಸೋದು. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಪುಡಿಯ ಮೇಲೆ ಗೆರೆಯಾಗಿ ಮೂಡುತ್ತೆ. ರಿಂಗನ್ನು ಸಮನಾದ ನೆಲದ ಮೇಲಿಟ್ಟಾಗ ಅಲ್ಲಾಡಿದರೆ ಅದು ಬಾಗಿದೆ ಎಂದರ್ಥ. ಬಿರುಕಿದ್ದದ್ದು, ಬಾಗಿದ್ದು, ತುಕ್ಕು ತಿಂದದ್ದು ಮೂರೂ ಗುಜರಿಗೇ. ವೆಲ್ಡಿಂಗ್ ಹೊಡೆಸೋದು, ಬೆಂಕಿಗೆ ಹಿಡಿದು ನೆಟ್ಟಗೆ ಮಾಡೋದು ಬೇಡ. ಒಂದು ಕಂಪನಿಯ ಡಿಸ್ಕಿಗೆ ಇನ್ನೊಂದರ ರಿಂಗು ಕೂತಂತೆ ಕಾಣಿಸಬಹುದು, ಕೂತಿರೋದಿಲ್ಲ. ಬಣ್ಣ ಬಳಿಯುವಾಗಲೂ ನಟ್ಟು ಕೂರುವ ಜಾಗಕ್ಕೆ ದಪ್ಪ ಪದರ ಬೀಳಬಾರದು. ಆ ಬಣ್ಣ ಸವೆದಾಗ ನಟ್ಟು ಸಡಿಲವಾಗುತ್ತೆ.

ಈ ಶಿಸ್ತು ಲಾರಿಗಷ್ಟೇ ಅಲ್ಲ. 1970ರಲ್ಲಿ ಜರ್ಮನಿಯ ಶಿಲ್ಟಾಖ್ ಎಂಬ ಊರಿನಲ್ಲಿ ಶುರುವಾದ ಬಿಬಿಎಸ್ ಕಂಪನಿ ರೇಸ್ ಕಾರುಗಳ ಮೂರು ತುಂಡಿನ ಚಕ್ರಗಳಿಗೆ ಹೆಸರುವಾಸಿಯಾಯಿತು. ಆ ತುಂಡುಗಳನ್ನು ಸಾಲು ಬೋಲ್ಟುಗಳು ಹಿಡಿದಿರುತ್ತವೆ. ಹಳೆಯದನ್ನು ಮತ್ತೆ ಓಡಿಸುವ ಮುಂಚೆ ಬಿಚ್ಚಿ, ಬಣ್ಣದ ದ್ರಾವಣ ಹಾಕಿ ಬಿರುಕು ಹುಡುಕಿ, ಹೊಸ ಬೋಲ್ಟು ಹಾಕುತ್ತಾರೆ. ಅಲ್ಲೂ ಮೊದಲ ಪಾಠ ಇದೇ: ಗಾಳಿ ಪೂರ್ತಿ ಬಿಡದೆ ಬೋಲ್ಟು ಮುಟ್ಟಬೇಡ!

“ಏನಾಗಲ್ಲ ಬಿಡಣ್ಣ, ದಿನಾ ಮಾಡೋ ಕೆಲಸ” ಅನ್ನೋ ಮಾತು ಪಂಕ್ಚರ್ ಅಂಗಡಿಗಳಲ್ಲಿ ಸಾಮಾನ್ಯ. ದಿನಾ ಏನೂ ಆಗೋದಿಲ್ಲ, ನಿಜ. ಆಗೋದು ಒಂದೇ ದಿನ. ಪಂಜರ ಮಾಡಿಸೋ ಖರ್ಚು ಆ ಒಂದು ದಿನದ ಮುಂದೆ ಯಾವ ಲೆಕ್ಕ? ಲಾರಿ ಮಾಲೀಕರು, ಅಂಗಡಿ ಮಾಲೀಕರು ಇಬ್ಬರೂ ಕೈಹಾಕಬೇಕಾದ ಕೆಲಸವಿದು.

ಇನ್ನು ದಾರಿಹೋಕರು, ಬಸ್ಸು ಕಾಯುವವರು, ಅಕ್ಕಪಕ್ಕದ ಅಂಗಡಿಯವರು? ಚಕ್ರಕ್ಕೆ ಗಾಳಿ ತುಂಬೋದನ್ನು ನೋಡುತ್ತಾ ನಿಲ್ಲಬೇಡಿ. ಮಕ್ಕಳನ್ನು ದೂರ ಕರೆದುಕೊಂಡು ಹೋಗಿ. ಗೇಜಿನ ಮುಳ್ಳು ನಿಲ್ಲೋವರೆಗೆ ಟೀ ಕೂಡ ಆಚೆ ಅಂಗಡೀಲೇ ಕುಡಿಯಿರಿ.