ಸಾಲದ ಡಿಕ್ರಿಯೂ ರೈತನ ಜಪ್ತಿಯಾಗದ ಸ್ವತ್ತೂ

ಮುಂಗಾರು ಬಿತ್ತನೆಯ ಕಾಲದಲ್ಲಿ ಸಿವಿಲ್ ಕೋರ್ಟಿನ ಅಮೀನನು ಜಪ್ತಿ ವಾರಂಟಿನೊಡನೆ ಊರಿಗೆ ಬಂದನೆಂದರೆ, ಸಾಲ ಪಡೆದ ರೈತನು ಎತ್ತುಗಳನ್ನು ನೆಂಟರ ಊರಿಗೆ ಅಟ್ಟುವುದೂ, ಬೀಜದ ಮೂಟೆಗಳನ್ನು ನೆರೆಮನೆಯಲ್ಲಿ ಬಚ್ಚಿಡುವುದೂ ಉಂಟು. ಕಾನೂನೇ ಕಾಪಾಡತಕ್ಕ ಸ್ವತ್ತನ್ನು ಹೀಗೆ ಮರೆಮಾಡುವುದರಿಂದ ಅವನಿಗೆ ಪ್ರಯೋಜನವೇನೂ ಇಲ್ಲ. ಮೋಸಗಾರನೆಂಬ ಸಂದೇಹಕ್ಕೆ ಮಾತ್ರ ಅವನು ಗುರಿಯಾಗುತ್ತಾನೆ. ಆದಕಾರಣ ಗ್ರಾಮದ ಮುಖಂಡರೂ ಜಮೀನುದಾರರೂ ಈ ವಿಷಯವನ್ನು ಚೆನ್ನಾಗಿ ತಿಳಿದಿರುವುದು ಅವಶ್ಯಕ.

1908ನೆಯ ಇಸವಿಯ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಪ್ರಕರಣದಲ್ಲಿ, ಡಿಕ್ರಿಯ ಹಣಕ್ಕಾಗಿ ಜಪ್ತಿ ಮಾಡಕೂಡದ ವಸ್ತುಗಳನ್ನು ಹೇಳಿದೆ. ಸಾಲ ಪಡೆದವನಿಗೂ ಅವನ ಹೆಂಡತಿ ಮಕ್ಕಳಿಗೂ ಅವಶ್ಯವಾದ ಉಡುಪು, ಅಡಿಗೆಯ ಪಾತ್ರೆ, ಹಾಸಿಗೆ ಹೊದಿಕೆಗಳು; ಧರ್ಮಾಚಾರದಂತೆ ಸ್ತ್ರೀಯರು ಅಗಲಿರಬಾರದ ತಾಳಿ ಮೊದಲಾದ ಆಭರಣಗಳು; ಕಸಬುದಾರನ ಉಪಕರಣಗಳು; ಕೂಲಿಗಾರನ ಕೂಲಿ; ಸರ್ಕಾರದ ನಿವೃತ್ತಿ ವೇತನ, ಇವೆಲ್ಲವೂ ಅದರಲ್ಲಿ ಸೇರಿವೆ. ಮಗನೊಬ್ಬನು ನೌಕರಿಯಲ್ಲಿದ್ದು ಅವನ ಮೇಲೆ ಡಿಕ್ರಿಯಾದರೆ, ಸಂಬಳದ ಮೊದಲ 1,000 ರೂಪಾಯಿಯನ್ನೂ, ಉಳಿದುದರಲ್ಲಿ ಮೂರರಲ್ಲೆರಡು ಪಾಲನ್ನೂ ಮುಟ್ಟುವಂತಿಲ್ಲ. ಜೀವನಾಂಶದ ಡಿಕ್ರಿಗೆ ಮಾತ್ರ ಲೆಕ್ಕ ಬೇರೆ.

ರೈತನಿಗೆ ಮುಖ್ಯವಾದವು ಎರಡು. ಮೊದಲನೆಯದು ನೇಗಿಲು, ಕುಂಟೆ, ಕೂರಿಗೆ, ನೊಗ ಮುಂತಾದ ಬೇಸಾಯದ ಸಲಕರಣೆಗಳೂ, ಬೇಸಾಯದಿಂದ ಜೀವಿಸುವುದಕ್ಕೆ ಅವಶ್ಯವೆಂದು ಕೋರ್ಟು ಎಣಿಸುವಷ್ಟು ದನಗಳೂ ಬಿತ್ತನೆಯ ಬೀಜವೂ. ಎರಡನೆಯದು ಅವನು ವಾಸವಾಗಿರುವ ಮನೆ, ಅದರ ನಿವೇಶನ, ಅದಕ್ಕೆ ಹೊಂದಿಕೊಂಡು ಅವಶ್ಯವಾದ ಸ್ಥಳ. ಆ ಮನೆಯ ಬಾಡಿಗೆಯ ಬಾಕಿಗಾಗಿಯೇ ಡಿಕ್ರಿಯಾದಲ್ಲಿ ಮಾತ್ರ ಮನೆಗೆ ಈ ರಕ್ಷಣೆಯಿಲ್ಲ.

ಇಲ್ಲಿ "ಅವಶ್ಯ" ಎಂಬ ಮಾತನ್ನು ಗಮನಿಸಬೇಕು. ಉಳುವ ಜೋಡಿಯು ಅವಶ್ಯವೆಂಬುದರಲ್ಲಿ ವಿವಾದವಿಲ್ಲ. ಜಾತ್ರೆಯಲ್ಲಿ ಮಾರುವುದಕ್ಕೆಂದೇ ಮೇಯಿಸಿದ ಹಳ್ಳಿಕಾರ್ ಹೋರಿಗಳಿಗೆ ಅದೇ ಮಾತು ಸಲ್ಲದು. ಬೀಜದ ಪ್ರಮಾಣವೂ ಜಮೀನನ್ನೂ ಬೆಳೆಯನ್ನೂ ಅನುಸರಿಸತಕ್ಕದ್ದು. ಕೂರಿಗೆಯಿಂದ ಬಿತ್ತುವ ರಾಗಿಗೆ ಎಕರೆಗೆ ಸುಮಾರು 5 ಕಿಲೋ ಸಾಕು. ಕಡಲೆಕಾಯಿಗಾದರೋ ಸುಲಿದ ಬೀಜವೇ 40ರಿಂದ 50 ಕಿಲೋ ಬೇಕು. ಮೂರು ಎಕರೆ ಕಡಲೆಕಾಯಿ ಬೆಳೆಯುವವನ ಮನೆಯಲ್ಲಿ ಎರಡು ಮೂಟೆ ಬೀಜವನ್ನು ಕಂಡು, ಮಾರಾಟದ ಮಾಲೆಂದು ಭಾವಿಸುವವರಿದ್ದಾರೆ. ಪಹಣಿಯನ್ನು ತೋರಿಸಿ ಈ ಲೆಕ್ಕವನ್ನು ಕೋರ್ಟಿಗೆ ವಿವರಿಸಿದಲ್ಲಿ ತಪ್ಪು ನಿವಾರಣೆಯಾಗುವುದು. ಬೀಜವನ್ನು ಮನೆಖರ್ಚಿನ ಕಾಳಿನಿಂದ ಬೇರೆಯಾಗಿ ಇಡುವುದು ಮೇಲು; ಹುಳು ಬೀಳದಂತೆ ಕಾಪಾಡುವುದಕ್ಕೂ ಅದೇ ಅನುಕೂಲ.

ಈ ರಕ್ಷಣೆಯು ಯಾವ ರೈತನಿಗೆ? ಸ್ವತಃ ಸಾಗುವಳಿ ಮಾಡಿ, ಮುಖ್ಯವಾಗಿ ಅದರ ಆದಾಯದಿಂದಲೇ ಜೀವಿಸುವವನಿಗೆ. ಮನೆಯವರಿಂದಾಗಲಿ, ಹಣ ಅಥವಾ ಧಾನ್ಯದ ಕೂಲಿ ಕೊಟ್ಟು ಆಳುಗಳಿಂದಾಗಲಿ ಮಾಡಿಸಿದರೂ ಅದು ಸ್ವಂತ ಸಾಗುವಳಿಯೇ. ಬೆಳೆಯ ಪಾಲನ್ನೇ ಕೂಲಿಯಾಗಿ ಕೊಟ್ಟರೆ ಹಾಗಲ್ಲ. ಜಮೀನನ್ನು ಪಾಲಿಗೆ ಬಿಟ್ಟು ಪಟ್ಟಣದಲ್ಲಿ ನೆಲಸಿದ ಜಮೀನುದಾರರು ತಮ್ಮ ಹೆಸರು ಪಹಣಿಯಲ್ಲಿದೆಯೆಂಬ ಧೈರ್ಯದಿಂದ ಇರಬಾರದು.

ಜಮೀನಿಗೆ ಈ ಪ್ರಕರಣದಲ್ಲಿ ರಕ್ಷಣೆಯಿಲ್ಲವೆಂಬುದನ್ನು ಬಹುಜನರು ಅರಿಯರು. ಸರ್ಕಾರವು ಪ್ರಕಟಣೆಯಿಂದ ಬಿಟ್ಟ ಭಾಗದ ಹೊರತು ಫಸಲೂ ಜಪ್ತಿಗೆ ಒಳಗಾಗತಕ್ಕದ್ದೇ. ನಿಂತ ಪೈರಾದರೆ ಹೊಲದಲ್ಲಿ, ಕೊಯ್ದುದಾದರೆ ಕಣದಲ್ಲಿ ವಾರಂಟಿನ ಪ್ರತಿಯನ್ನು ಅಂಟಿಸುತ್ತಾರೆ. ಕೋರ್ಟಿನ ಷರತ್ತುಗಳಿಗೆ ಒಳಪಟ್ಟು, ಆ ಪೈರನ್ನು ನೋಡಿಕೊಂಡು ಕೊಯ್ದು ಒಟ್ಟುವ ಹಕ್ಕು ರೈತನಿಗೆ ಉಳಿದಿರುತ್ತದೆ. ಜಪ್ತಿಯಾಯಿತೆಂದು ಪೈರನ್ನು ಹಾಳುಬಿಡುವುದು ಅವಿವೇಕ.

ಅಡಮಾನದ ಸಂಗತಿ ಇನ್ನೂ ಕಠಿನವಾದುದು. ತಾನಾಗಿಯೇ ಮನೆಯನ್ನು ಅಡಮಾನವಿಟ್ಟವನು ಆ ಅಡಮಾನದ ಡಿಕ್ರಿಗೆ ಎದುರಾಗಿ ಈ ರಕ್ಷಣೆಯನ್ನು ನೆಚ್ಚುವಂತಿಲ್ಲ. ಆದರೆ ಬರಿಯ ಕೈಸಾಲದ ಪತ್ರದಲ್ಲಿ "ಎತ್ತು ಮನೆಗಳ ಮೇಲಿನ ರಿಯಾಯಿತಿಯನ್ನು ಬಿಟ್ಟುಕೊಟ್ಟಿದ್ದೇನೆ" ಎಂದು ಬರೆಯಿಸಿಕೊಂಡಿದ್ದರೆ, 1976ನೆಯ ಇಸವಿಯ ತಿದ್ದುಪಡಿಯಂತೆ ಆ ಕರಾರು ಅಸಿಂಧು.

ಅಮೀನನು ಚರಸ್ವತ್ತಿನ ಜಪ್ತಿಗಾಗಿ ಸೂರ್ಯಾಸ್ತದ ಮೇಲೆ, ಸೂರ್ಯೋದಯಕ್ಕೆ ಮೊದಲು ವಾಸದ ಮನೆಯನ್ನು ಪ್ರವೇಶಿಸಕೂಡದು. ಹಗಲಿನಲ್ಲಿ ಬಂದಾಗ ಅವನೊಡನೆ ಜಗಳವಾಡದೆ, ಮುಖಂಡರು ವಸ್ತುಗಳ ಪಟ್ಟಿಯನ್ನು ಸರಿಯಾಗಿ ಬರೆಯಿಸಬೇಕು. ರೈತನು ತಡಮಾಡದೆ, ಹರಾಜಿಗೆ ಮುಂಚೆಯೇ, ಕೋರ್ಟಿಗೆ ತಕರಾರು ಅರ್ಜಿಯನ್ನು ಸಲ್ಲಿಸತಕ್ಕದ್ದು. ಎತ್ತು ಹರಾಜಾದ ಮೇಲೆ ಗೆದ್ದರೂ ಹದವು ಕಾಯುವುದಿಲ್ಲ.

ಸಾಲಗಳನ್ನು ತೀರಿಸುವ ಶಕ್ತಿಯೇ ಇಲ್ಲದವನಿಗೆ 1920ನೆಯ ಇಸವಿಯ ಪ್ರಾಂತೀಯ ದಿವಾಳಿ ಕಾಯಿದೆ ಇದೆ. ಸಾಲಗಳು ಒಟ್ಟು 500 ರೂಪಾಯಿಯಾಗಿದ್ದರೆ, ಇಲ್ಲವೆ ಡಿಕ್ರಿಗಾಗಿ ಸ್ವತ್ತು ಜಪ್ತಿಯಾಗಿದ್ದರೆ, ಅವನೇ ಅರ್ಜಿ ಕೊಡಬಹುದು. ದಿವಾಳಿಯೆಂದು ತೀರ್ಮಾನವಾದೊಡನೆ ಅವನ ಆಸ್ತಿಯೆಲ್ಲವೂ ಕೋರ್ಟಿಗೆ ಅಥವಾ ರಿಸೀವರನಿಗೆ ಸೇರುತ್ತದೆ. ಮೇಲೆ ಹೇಳಿದ ಜಪ್ತಿಯಾಗದ ವಸ್ತುಗಳು ಮಾತ್ರ ಸೇರುವುದಿಲ್ಲ. ಲೆಕ್ಕದ ಪುಸ್ತಕಗಳನ್ನು ಒಪ್ಪಿಸಲೇಬೇಕು. ಜಮೀನು ಹೋಗುವುದರಿಂದ ಇದನ್ನು ಕಡೆಯ ಉಪಾಯವೆಂದೇ ಎಣಿಸಬೇಕು. ಅರ್ಜಿಗೆ ಹಿಂದಿನ ಎರಡು ವರ್ಷಗಳೊಳಗೆ ಪ್ರತಿಫಲವಿಲ್ಲದೆ ಭಾವಮೈದುನನ ಹೆಸರಿಗೆ ಬರೆದುಕೊಟ್ಟ ಹೊಲವನ್ನು ಕೋರ್ಟು ಹಿಂದಕ್ಕೆ ತರಬಲ್ಲದು. ಮೋಸದಿಂದ ಆಸ್ತಿಯನ್ನು ಮರೆಮಾಡಿದವನಿಗೆ ಒಂದು ವರ್ಷದವರೆಗೆ ಸೆರೆಮನೆಯ ಶಿಕ್ಷೆಯೂ ಆಗಬಹುದು. ಆದುದರಿಂದ ಅರ್ಜಿಯಲ್ಲಿ ಸಕಲ ಆಸ್ತಿಯನ್ನೂ ಬೆಲೆಸಹಿತ ಕಾಣಿಸಿ, ಜೋಡಿ ಎತ್ತು, ಸಲಕರಣೆ, ಬೀಜ, ವಾಸದ ಮನೆ ಇವುಗಳನ್ನು ಜಪ್ತಿಗೆ ಒಳಪಡದವುಗಳೆಂದು ಬೇರೆಯಾಗಿ ಬರೆಯಿಸತಕ್ಕದ್ದು.